ಅಂಗಲಕ್ಷಣ ಮತ್ತು ಒಳಗಿನ ಗ್ರಂಥಿ

ಮನುಷ್ಯನ ಹಣೆಬರಹ ಅವನ ಮೈಮೇಲೆಯೇ ಬರೆದಿರುತ್ತದೆಂಬ ನಂಬಿಕೆ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಪುರುಷಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅಂಗಾಲಿನಿಂದ ನೆತ್ತಿಯವರೆಗೆ ಗಂಡಸಿನ ಒಂದೊಂದು ಅವಯವವನ್ನೂ ನೋಡಿ, ಅವನು ರಾಜನಾಗುವನೋ ದರಿದ್ರನಾಗುವನೋ ಎಂಬುದನ್ನು ಅಲ್ಲಿ ಹೇಳುತ್ತಾನೆ. ಮೂತ್ರಧಾರೆಯನ್ನೂ ಅವನು ಬಿಟ್ಟಿಲ್ಲ. ಸದ್ದು ಮಾಡುತ್ತ ಬೀಳುವ ಧಾರೆಯುಳ್ಳವನು ಸುಖಿ, ಸದ್ದಿಲ್ಲದ್ದು ಬಡವನದು, ಬಲಕ್ಕೆ ಸುತ್ತುತ್ತ ಎರಡು ಮೂರು ಎಳೆಯಾಗಿ ಬೀಳುವುದು ಭೂಪತಿಯ ಲಕ್ಷಣ, ಚೆದುರಿ ಬೀಳುವುದು ಧನಹೀನನ ಲಕ್ಷಣ. ಮೊದಲ ಸಲ ಓದಿದಾಗ ಇದು ನನಗೆ ತಮಾಷೆಯಾಗಿ ಕಂಡಿತ್ತು. ಆದರೆ ಐವತ್ತು ದಾಟಿದ ಗಂಡಸನ್ನು ಇಂದಿನ ವೈದ್ಯರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ ಅಲ್ಲವೇ? ಧಾರೆಗೆ ಬಲವಿದೆಯೇ, ನಡುನಡುವೆ ನಿಲ್ಲುತ್ತದೆಯೇ, ಎರಡಾಗಿ ಸೀಳುತ್ತದೆಯೇ ಎಂದು ಅವರೂ ವಿಚಾರಿಸುತ್ತಾರೆ. ಸಂಹಿತೆಯ ಭೂಪತಿ ಆಸ್ಪತ್ರೆಗೆ ಬಂದರೆ ಪ್ರಾಸ್ಟೇಟ್ ಗ್ರಂಥಿಯ ರೋಗಿಯಾಗಿಬಿಡುತ್ತಾನೆ.

ಈ ಗ್ರಂಥಿ ಗಂಡಸರಲ್ಲಿ ಮಾತ್ರ ಇರುವಂಥದು. ಮೂತ್ರಕೋಶದ ಬಾಯಿಗೆ ಹೊಂದಿಕೊಂಡು, ಮೂತ್ರನಾಳವನ್ನು ಉಂಗುರದಂತೆ ಬಳಸಿ, ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಕುಳಿತಿದೆ. ಮಲಮಾರ್ಗಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲುಗುಂಡಿನಂತೆ ಗಟ್ಟಿಯಾದ ಗಂಟೊಂದು ಎದ್ದು ಮೂತ್ರವನ್ನು ತಡೆಯುತ್ತದೆಂದು ಸುಶ್ರುತಸಂಹಿತೆ ವಾತಾಷ್ಠೀಲವೆಂಬ ಹೆಸರಿನಲ್ಲಿ ವರ್ಣಿಸಿರುವುದು ಈ ಗ್ರಂಥಿಯ ಊತವನ್ನೇ ಎಂದು ಹೇಳುವವರಿದ್ದಾರೆ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ. ಆ ಊತ ಬಹುಪಾಲು ನಿರಪಾಯಕರ. ಆದರೆ ಕೆಲವರಲ್ಲಿ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅದು ಹುಟ್ಟಿದ ಹೊಸತರಲ್ಲಿ ನೋವಿಲ್ಲ, ರಕ್ತವಿಲ್ಲ, ಮೂತ್ರಕ್ಕೆ ತಡೆಯೂ ಇಲ್ಲ. ಆದ್ದರಿಂದಲೇ, ಯಾರಿಗೆ ಬರಬಹುದೆಂಬುದನ್ನು ಹೊರಗಿನಿಂದ ನೋಡಿ ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ವೈದ್ಯರಿಗೂ ಬಂತು, ಜನರಿಗೂ ಬಂತು. ಬೋಳುತಲೆಯವರಿಗೆ ಅಪಾಯ ಹೆಚ್ಚು, ಉಂಗುರದ ಬೆರಳು ಉದ್ದವಿದ್ದವರಿಗೆ ಹೆಚ್ಚು, ಎತ್ತರದ ಆಳಿಗೆ ಹೆಚ್ಚು ಎಂಬ ಸುದ್ದಿಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಇವು ಹಳೆಯ ಸಾಮುದ್ರಿಕದ ಹೊಸ ವೇಷವೋ ಅಥವಾ ಇವುಗಳ ಹಿಂದೆ ನಿಜವಾದ ಶಾಸ್ತ್ರವೇನಾದರೂ ಇದೆಯೋ? ಇದನ್ನು ವಿಚಾರಿಸಲು ಸ್ವಲ್ಪ ಚರಿತ್ರೆಯ ಕಡೆ ತಿರುಗಬೇಕಾಗುತ್ತದೆ.

ಮೈಕಟ್ಟನ್ನು ನೋಡಿ ರೋಗವನ್ನು ಊಹಿಸುವ ಪ್ರಯತ್ನ ಪಶ್ಚಿಮದಲ್ಲಿಯೂ ಉದ್ದಕ್ಕೂ ನಡೆದಿದೆ. ಕ್ಯಾನ್ಸರಿಗೆ ಕಾರಣ ಕಪ್ಪು ಪಿತ್ತವೆಂದು ರೋಮಿನ ಗೇಲನ್ ಹೇಳಿದ. ಆ ಪಿತ್ತ ಮೈಯಲ್ಲಿ ಹೆಚ್ಚಾಗಿರುವವರ ಚಹರೆ, ಸ್ವಭಾವಗಳನ್ನೂ ಆ ಕಾಲದ ವೈದ್ಯ ಗುರುತಿಸಬಲ್ಲವನಾಗಿದ್ದ. ಇಟಲಿಯ ಲೊಂಬ್ರೋಸೋ 1876ರಲ್ಲಿ ದವಡೆ, ಕಿವಿಗಳ ಆಕಾರದಿಂದ ಹುಟ್ಟು ಅಪರಾಧಿಯನ್ನು ಕಂಡುಹಿಡಿಯಬಹುದೆಂದು ಗ್ರಂಥವನ್ನೇ ಬರೆದ. ಇವೆಲ್ಲ ಬಿದ್ದುಹೋದ ವಾದಗಳು. ಪ್ರಾಸ್ಟೇಟಿನ ಕಥೆ ಇವುಗಳ ಸಾಲಿಗೆ ಸೇರುವುದಿಲ್ಲ ಎಂಬುದೇ ನನ್ನ ಕುತೂಹಲಕ್ಕೆ ಕಾರಣ. ಇಲ್ಲಿ ಹೊರಗಿನ ಲಕ್ಷಣಕ್ಕೂ ಒಳಗಿನ ಗ್ರಂಥಿಗೂ ನಿಜವಾಗಿಯೂ ಒಂದು ನಂಟಿದೆ.

ಆ ನಂಟಿನ ಮೊದಲ ಸುಳಿವು ಸಿಕ್ಕಿದ್ದು ಖೋಜಾಗಳಿಂದ. ಬೀಜ ತೆಗೆಸಿಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲವೆಂಬ ಮಾತು ಹಿಪೊಕ್ರಟೀಸನ ಹೆಸರಿನಲ್ಲಿರುವ ಸೂತ್ರಗಳಲ್ಲಿಯೇ ಬರುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಪ್ರಾಣಿಗಳ ದೇಹಗಳನ್ನು ಸೀಳಿ ನೋಡಿ, ಹೋರಿಯಲ್ಲಿ ದಪ್ಪನಾಗಿ ರಸಭರಿತವಾಗಿರುವ ಪ್ರಾಸ್ಟೇಟ್ ಗ್ರಂಥಿ ಬೀಜ ಒಡೆಸಿದ ಪ್ರಾಣಿಗಳಲ್ಲಿ ಸಣ್ಣದಾಗಿ, ನಾರಿನಂತೆ ಬತ್ತಿಹೋಗಿರುವುದನ್ನು ಗುರುತಿಸಿದ. ಮನುಷ್ಯರಲ್ಲಿ ಇದನ್ನು ಕಣ್ಣಾರೆ ಕಂಡವರು ಬೀಜಿಂಗಿನ ವೈದ್ಯ ವೂ ಜಿಯೆಪಿಂಗ್ ಮತ್ತು ಅವರ ಸಹೋದ್ಯೋಗಿ. ಚಿಂಗ್ ರಾಜವಂಶ ಅಳಿದು ಅರ್ಧಶತಮಾನ ಕಳೆದಿದ್ದರೂ 1960ರಲ್ಲಿ ಅರಮನೆಯ ಖೋಜಾಗಳು ಕೆಲವರು ಇನ್ನೂ ಬದುಕಿದ್ದರು. ಇಪ್ಪತ್ತಾರು ಮಂದಿ ಮುದುಕರನ್ನು ಇವರು ಪರೀಕ್ಷಿಸಿದರು. ಇಪ್ಪತ್ತೊಂದು ಜನರಲ್ಲಿ ಗ್ರಂಥಿ ಬೆರಳಿಗೇ ಸಿಗಲಿಲ್ಲ. ಚಕ್ರವರ್ತಿಯ ಅಂತಃಪುರಕ್ಕಾಗಿ ಬಾಲ್ಯದಲ್ಲಿಯೋ ಹರೆಯದಲ್ಲಿಯೋ ತಮ್ಮ ಗಂಡಸುತನವನ್ನು ಕಳೆದುಕೊಂಡಿದ್ದ ಆ ಜೀವಗಳು ಕೊನೆಗಾಲದಲ್ಲಿ ವೈದ್ಯಶಾಸ್ತ್ರಕ್ಕೆ ಇಷ್ಟನ್ನು ಹೇಳಿ ಹೋದವು.

ಇನ್ನು ಕ್ಯಾನ್ಸರಿನ ಕಡೆಗೆ ಬರೋಣ. ಲಂಡನ್ ಆಸ್ಪತ್ರೆಯ ಜಾನ್ ಆಡಮ್ಸ್ 1853ರಲ್ಲಿ ಸೂಕ್ಷ್ಮದರ್ಶಕದ ಆಧಾರದ ಮೇಲೆ ಪ್ರಾಸ್ಟೇಟಿನ ಕ್ಯಾನ್ಸರನ್ನು ವರ್ಣಿಸಿ, ಇದು ಅತಿ ವಿರಳವಾದ ರೋಗವೆಂದು ಬರೆದ. ಮುಂದೆ ಗಂಡಸರ ಆಯುಸ್ಸು ಬೆಳೆದಂತೆ, ಹುಡುಕುವ ಕಣ್ಣು ಸೂಕ್ಷ್ಮವಾದಂತೆ, ಆ ವಿರಳ ರೋಗ ಎಲ್ಲೆಲ್ಲಿಯೂ ಕಾಣಿಸಿಕೊಂಡಿತು. 1941ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್, ತನ್ನ ಸಂಗಡಿಗ ಕ್ಲಾರೆನ್ಸ್ ಹಾಜಸ್ ಜೊತೆ ಸೇರಿ, ಮೂಳೆಗಳಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳಿಗೆ ವೃಷಣಗಳನ್ನು ತೆಗೆದರೆ ಗಂತಿ ಕುಗ್ಗುತ್ತದೆ, ನೋವು ಇಳಿಯುತ್ತದೆ ಎಂದು ತೋರಿಸಿದ. ಕ್ಯಾನ್ಸರ್ ಯಾರ ಮಾತನ್ನೂ ಕೇಳದ ಕಾಡುಬೆಳೆ ಎಂದು ನಂಬಿದ್ದ ಕಾಲದಲ್ಲಿ, ಅದೂ ದೇಹದ ಹಾರ್ಮೋನಿನ ಹಂಗಿನಲ್ಲಿರಬಲ್ಲದು ಎಂಬುದು ದೊಡ್ಡ ಮಾತು. 1966ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು.

ಹಗಿನ್ಸನ ಲೇಖನ ಬಂದ ಮರುವರ್ಷ, 1942ರಲ್ಲಿ, ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಬೋಳುತಲೆಯ ಮೇಲೆ ಒಂದು ಲೇಖನ ಪ್ರಕಟಿಸಿದ. ವೃಷಣಗಳು ಬೆಳೆಯದ ಅಥವಾ ಅವನ್ನು ಕಳೆದುಕೊಂಡ ಗಂಡಸರನ್ನು ಅವನು ನೋಡಿದ್ದ. ಹರೆಯಕ್ಕೆ ಮೊದಲೇ ಕಳೆದುಕೊಂಡವರಲ್ಲಿ ಯಾರಿಗೂ ನೆತ್ತಿ ಬೋಳಾಗಿರಲಿಲ್ಲ. ಗಂಡಸಿನ ಹಾರ್ಮೋನನ್ನು ಚುಚ್ಚಿ ಕೊಟ್ಟಾಗ ಕೆಲವರಿಗೆ ಕೂದಲು ಉದುರತೊಡಗಿತು, ಕೆಲವರಿಗೆ ಇಲ್ಲ. ಉದುರಿದ್ದು ತಂದೆ, ಸೋದರಮಾವಂದಿರಲ್ಲಿ ಬೋಳುತಲೆ ಇದ್ದವರಿಗೆ. ಹಾಗಾದರೆ ಬೋಳಾಗಲು ಎರಡು ಬೇಕು: ಹಾರ್ಮೋನೂ ಬೇಕು, ವಂಶದಿಂದ ಬಂದ ಒಲವೂ ಬೇಕು. ಈ ಎರಡನೆಯ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇಡೀ ವಾದ ಇದರ ಮೇಲೆಯೇ ನಿಲ್ಲುತ್ತದೆ. 1951ರಲ್ಲಿ ಹ್ಯಾಮಿಲ್ಟನ್ ಹಣೆಯಿಂದ ನೆತ್ತಿಗೆ ಕೂದಲು ಹಿಂಜರಿಯುವ ಹಂತಗಳನ್ನು ಚಿತ್ರಗಳಲ್ಲಿ ಬರೆದು ಒಂದು ಅಳತೆಗೋಲನ್ನೇ ಮಾಡಿದ. 1975ರಲ್ಲಿ ನಾರ್ವುಡ್ ಎಂಬಾತ ತಿದ್ದಿದ ಆ ಚಿತ್ರಪಟ ಇಂದಿಗೂ ಚರ್ಮವೈದ್ಯರ ಬಳಿ ಇದೆ.

ಇನ್ನೊಂದು ತುದಿ ಸಿಕ್ಕಿದ್ದು ಡೊಮಿನಿಕನ್ ಗಣರಾಜ್ಯದ ಲಾಸ್ ಸಾಲಿನಾಸ್ ಎಂಬ ಹಳ್ಳಿಯಲ್ಲಿ. ಅಲ್ಲಿನ ಕೆಲವು ಕುಟುಂಬಗಳಲ್ಲಿ ಹೆಣ್ಣೆಂದು ತಿಳಿದು ಸಾಕಿದ ಮಕ್ಕಳು ಹನ್ನೆರಡರ ಸುಮಾರಿಗೆ ಗಂಡಾಗುತ್ತಿದ್ದರು. ಊರವರು ಅದಕ್ಕೊಂದು ಹೆಸರಿಟ್ಟುಕೊಂಡು ಸುಮ್ಮನಿದ್ದರು. ಶಿಖಂಡಿಯ ಕಥೆ ಕೇಳಿ ಬೆಳೆದ ನಮಗೆ ಇದು ಅಷ್ಟು ವಿಚಿತ್ರವೆನಿಸಲಾರದು. ಜೂಲಿಯಾನ್ ಇಂಪೆರಾಟೋ-ಮೆಕ್‌ಗಿನ್ಲೀ ಎಂಬ ವೈದ್ಯೆ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1974ರಲ್ಲಿ ಕಾರಣವನ್ನು ಪ್ರಕಟಿಸಿದಳು. ಗಂಡಸಿನ ಮುಖ್ಯ ಹಾರ್ಮೋನು ಟೆಸ್ಟೋಸ್ಟೆರೋನ್ ಅವರಲ್ಲಿ ಬೇಕಾದಷ್ಟಿತ್ತು. ಆದರೆ ಅದನ್ನು ಇನ್ನೂ ತೀಕ್ಷ್ಣವಾದ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗಿ ಮಾರ್ಪಡಿಸುವ ಕಿಣ್ವದಲ್ಲಿ ಹುಟ್ಟಿನಿಂದಲೇ ಕೊರತೆಯಿತ್ತು. ದೊಡ್ಡವರಾದ ಮೇಲೂ ಇವರ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿದಿತ್ತು, ಗಡ್ಡ ವಿರಳ, ಹಣೆಯ ಕೂದಲು ಮಾತ್ರ ಹಿಂದೆ ಸರಿದಿರಲಿಲ್ಲ. ಬೋಳುತಲೆಯೂ ಪ್ರಾಸ್ಟೇಟೂ ಒಂದೇ ತೊರೆಯ ನೀರು ಕುಡಿಯುತ್ತವೆಂದು ಇದರಿಂದ ಸ್ಪಷ್ಟವಾಯಿತು.

ಔಷಧ ಕಂಪನಿಯೊಂದು ಈ ಹಳ್ಳಿಯ ಪಾಠವನ್ನು ಚೆನ್ನಾಗಿ ಓದಿಕೊಂಡಿತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಗುಳಿಗೆ 1992ರಲ್ಲಿ ಪ್ರಾಸ್ಟೇಟಿನ ಊತಕ್ಕೆ, 1997ರಲ್ಲಿ ಇನ್ನೂ ಸಣ್ಣ ಪ್ರಮಾಣದಲ್ಲಿ ಬೋಳುತಲೆಗೆ, ಅಮೆರಿಕದಲ್ಲಿ ಮಾನ್ಯವಾಯಿತು. ಕ್ಯಾನ್ಸರನ್ನೂ ತಡೆಯುವುದೋ ಎಂದು 18,882 ಗಂಡಸರ ಮೇಲೆ ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಹೊರಬಂತು. ಗುಳಿಗೆ ನುಂಗಿದವರಲ್ಲಿ ಕ್ಯಾನ್ಸರ್ ಸುಮಾರು ಕಾಲುಭಾಗ ಕಡಮೆ. ಆದರೆ ಉಗ್ರ ಜಾತಿಯ ಕ್ಯಾನ್ಸರ್ ಸ್ವಲ್ಪ ಹೆಚ್ಚು. ಎಲ್ಲರೂ ಹೆದರಿದರು. 2019ರಲ್ಲಿ ಸಾವುಗಳನ್ನು ಎಣಿಸಿದಾಗ ಗುಳಿಗೆಯವರಲ್ಲಿ ಈ ರೋಗದಿಂದ ಸತ್ತವರು 42, ಬರಿಯ ಸಕ್ಕರೆಗುಳಿಗೆಯಂಥದನ್ನು ತೆಗೆದುಕೊಂಡವರಲ್ಲಿ 56. ಆ ಭಯ ನಿಜವಾಗಲಿಲ್ಲ. ಆದರೆ ಈ ವ್ಯತ್ಯಾಸವೂ ಆಕಸ್ಮಿಕವಿರಬಹುದಾದಷ್ಟು ಚಿಕ್ಕದು.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನ್ನಿಸುವುದು ಸಹಜ: ತೊರೆ ಒಂದೇ ಆದ ಮೇಲೆ, ಬೋಳುತಲೆಯನ್ನು ನೋಡಿ ಒಳಗಿನ ಗ್ರಂಥಿಯ ಭವಿಷ್ಯ ಹೇಳಬಹುದಲ್ಲ? ಸಂಶೋಧಕರಿಗೂ ಹಾಗೆಯೇ ಅನ್ನಿಸಿತು. ಹ್ಯಾಮಿಲ್ಟನ್ನನ ಚಿತ್ರಪಟವನ್ನು ಹಿಡಿದುಕೊಂಡು ಸಾವಿರಾರು ಗಂಡಸರ ತಲೆಗಳನ್ನು ಲೆಕ್ಕ ಹಾಕಿದರು. ಅಮೆರಿಕದ 4,421 ಗಂಡಸರನ್ನು ಎರಡು ದಶಕದಷ್ಟು ಕಾಲ ಹಿಂಬಾಲಿಸಿದ ಅಧ್ಯಯನವೊಂದು 2000ದಲ್ಲಿ, ಬೋಳುತಲೆಯವರಿಗೆ ಅಪಾಯ ಒಂದೂವರೆಪಟ್ಟು ಎಂದಿತು. 2010ರಲ್ಲಿ ಸಿಯಾಟಲ್ ನಗರದ ಅಧ್ಯಯನ ತದ್ವಿರುದ್ಧವಾಗಿ, ಮೂವತ್ತರಲ್ಲಿಯೇ ಕೂದಲು ಉದುರಿದವರಿಗೆ ಅಪಾಯ ಕಡಮೆ ಎಂದಿತು. ಮರುವರ್ಷ ಫ್ರಾನ್ಸಿನವರು, ಇಪ್ಪತ್ತರಲ್ಲಿ ಉದುರಿದವರಿಗೆ ಹೆಚ್ಚು ಎಂದರು. 39,070 ಅಮೆರಿಕನ್ ಗಂಡಸರ ದೊಡ್ಡ ಅಧ್ಯಯನವೊಂದು ಬಳಿಕ ಬಂತು. ನಲವತ್ತೈದರಲ್ಲಿ ಹಣೆಯೂ ನೆತ್ತಿಯೂ ಒಂದು ನಿರ್ದಿಷ್ಟ ಮಾದರಿಯಲ್ಲಿ ಬೋಳಾಗಿದ್ದವರಿಗೆ ಉಗ್ರ ಕ್ಯಾನ್ಸರಿನ ಅಪಾಯ ನೂರಕ್ಕೆ 39ರಷ್ಟು ಹೆಚ್ಚು. ಬೇರೆ ಮಾದರಿಯ ಬೋಳಿಗೆ ಏನೂ ಇಲ್ಲ. ಆ ಗಂಡಸರಿಗೆ ಚಿತ್ರಗಳನ್ನು ತೋರಿಸಿ, ನಲವತ್ತೈದರಲ್ಲಿ ನಿಮ್ಮ ತಲೆ ಹೇಗಿತ್ತೆಂದು ನೆನಪಿನಿಂದ ಹೇಳಿಸಿಕೊಂಡದ್ದು ಎಂಬುದನ್ನೂ ಸೇರಿಸಬೇಕು. ತನ್ನ ತಲೆಗೂದಲಿನ ವಿಷಯದಲ್ಲಿ ಗಂಡಸಿನ ನೆನಪು ಎಷ್ಟು ನಂಬತಕ್ಕದ್ದೆಂಬುದನ್ನು ಅವರವರ ಮನೆಯ ಹೆಂಗಸರನ್ನು ಕೇಳಿ ತಿಳಿಯಬೇಕು.

ನೂರಕ್ಕೆ 39 ಎಂದರೆ ಕಿವಿಗೆ ದೊಡ್ಡದು. ಒರಟಾಗಿ ಲೆಕ್ಕ ಹಾಕಿ ನೋಡೋಣ. ಅಷ್ಟೂ ಜನರಲ್ಲಿ, ಮೂರು ವರ್ಷಕ್ಕೆ ತುಸು ಕಡಮೆಯ ಅವಧಿಯಲ್ಲಿ, ಉಗ್ರ ಕ್ಯಾನ್ಸರ್ ಕಂಡದ್ದು 571 ಮಂದಿಗೆ, ಸಾವಿರಕ್ಕೆ ಹದಿನೈದು. ಅದನ್ನು 39ರಷ್ಟು ಏರಿಸಿದರೆ ಸಾವಿರಕ್ಕೆ ಸುಮಾರು ಇಪ್ಪತ್ತೊಂದು. ಅಂಥ ಬೋಳುತಲೆಯ ಸಾವಿರ ಗಂಡಸರಲ್ಲಿ ಆ ಅವಧಿಯಲ್ಲಿ 979 ಮಂದಿಗೆ ಏನೂ ಆಗಲಿಲ್ಲ. ತಲೆತುಂಬ ಕೂದಲಿದ್ದವರಿಗೂ ರೋಗ ಬಂತು. ಲಕ್ಷ ಜನರನ್ನು ಒಟ್ಟಿಗೆ ನೋಡುವವನಿಗೆ ಇದು ಅರ್ಥವುಳ್ಳ ಅಂಕಿ. ಕನ್ನಡಿಯ ಮುಂದೆ ಒಬ್ಬನೇ ನಿಂತವನಿಗೆ ಇದರಿಂದ ಭಯಕ್ಕೂ ಆಧಾರವಿಲ್ಲ, ಧೈರ್ಯಕ್ಕೂ ಆಧಾರವಿಲ್ಲ. ನನ್ನ ಮಟ್ಟಿಗೆ ಭಯಕ್ಕಿಂತ ಧೈರ್ಯವೇ ಹೆಚ್ಚು ಅಪಾಯಕಾರಿ.

ತೊರೆ ಒಂದೇ ಆಗಿದ್ದೂ ಲಕ್ಷಣ ಏಕೆ ಕೈಕೊಡುತ್ತದೆ? ಹ್ಯಾಮಿಲ್ಟನ್ ಹೇಳಿದ ಎರಡನೆಯ ಮಾತಿನಲ್ಲಿ ಉತ್ತರವಿದೆ. ಬೋಳುತಲೆಯವನಲ್ಲಿ ಹಾರ್ಮೋನು ಹೆಚ್ಚಿದೆ, ಆದ್ದರಿಂದ ಅವನ ಗ್ರಂಥಿಗೂ ಹೆಚ್ಚು ಸಿಗುತ್ತದೆ ಎಂಬ ಊಹೆ ತಪ್ಪು. ಹಾರ್ಮೋನು ಹರೆಯ ದಾಟಿದ ಎಲ್ಲ ಗಂಡಸರಲ್ಲಿಯೂ ಸಾಕಷ್ಟಿದೆ. ಅದಕ್ಕೆ ಯಾರ ನೆತ್ತಿಯ ಕೂದಲಿನ ಬೇರು ಎಷ್ಟು ಮಣಿಯುತ್ತದೆಂಬುದು ವಂಶದ ವಿಷಯ. ಒಂದೇ ಕಾಲುವೆಯ ನೀರಾದರೂ ಒಂದು ಗದ್ದೆಯ ಮಣ್ಣು ಇನ್ನೊಂದರಂತಿರುವುದಿಲ್ಲ. 2008ರಲ್ಲಿ ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ, 3,886 ರೋಗಿಗಳ ರಕ್ತವನ್ನು 6,438 ನಿರೋಗಿಗಳ ರಕ್ತದೊಡನೆ ಹೋಲಿಸಿದರು. ರಕ್ತದಲ್ಲಿನ ಲೈಂಗಿಕ ಹಾರ್ಮೋನುಗಳ ಮಟ್ಟಕ್ಕೂ ಕ್ಯಾನ್ಸರಿನ ಅಪಾಯಕ್ಕೂ ಸಂಬಂಧವೇ ಕಾಣಲಿಲ್ಲ. ಹಾರ್ಮೋನು ಇಲ್ಲದಿದ್ದರೆ ಈ ರೋಗ ಬೆಳೆಯದು. ಆದರೆ ಇರುವವರೊಳಗೆ ಯಾರಿಗೆ ಬಂದೀತೆಂಬುದನ್ನು ಅದು ಆರಿಸುವುದಿಲ್ಲ.

ಬೆರಳಿನ ವಿಷಯವನ್ನು ಬೇಗ ಮುಗಿಸುತ್ತೇನೆ. ತಾಯಿಯ ಗರ್ಭದಲ್ಲಿ ಹಾರ್ಮೋನಿನ ಪ್ರಭಾವ ಹೆಚ್ಚಿದ್ದರೆ ಉಂಗುರದ ಬೆರಳು ತೋರುಬೆರಳಿಗಿಂತ ಉದ್ದವಾಗುತ್ತದೆಂಬುದು ಒಂದು ವಾದ. ಇದನ್ನು ನೆಮ್ಮಿ ಇಂಗ್ಲೆಂಡಿನಲ್ಲಿ ಸುಮಾರು 1,500 ರೋಗಿಗಳನ್ನೂ 3,000 ನಿರೋಗಿಗಳನ್ನೂ ಕೇಳಿ, ತೋರುಬೆರಳು ಉದ್ದವಿದ್ದವರಿಗೆ ಅಪಾಯ ಮೂರನೆಯ ಒಂದು ಭಾಗ ಕಡಮೆ ಎಂದು 2010ರ ಕೊನೆಯಲ್ಲಿ ಪ್ರಕಟಿಸಿದರು. ಜಗತ್ತಿನ ಗಂಡಸರೆಲ್ಲ ಒಂದು ದಿನ ತಮ್ಮ ಅಂಗೈ ನೋಡಿಕೊಂಡರು. ಬಳಿಕ ಮೆಲ್ಬರ್ನಿನಲ್ಲಿ ಹುಡುಕಿದಾಗ ಒಟ್ಟಾರೆ ಅಷ್ಟು ಬಲವಾದ ಸಂಬಂಧ ಸಿಗಲಿಲ್ಲ.

ಎತ್ತರದ ಮಾತು ಸ್ವಲ್ಪ ಗಟ್ಟಿಯಾದದ್ದು. ಯೂರೋಪಿನ ಎಂಟು ದೇಶಗಳ ಸುಮಾರು 1,42,000 ಗಂಡಸರ ಅಧ್ಯಯನ 2017ರಲ್ಲಿ ಬಂತು. ಹತ್ತು ಸೆಂಟಿಮೀಟರ್ ಎತ್ತರ ಹೆಚ್ಚಿದಂತೆ ಉಗ್ರ ಜಾತಿಯ ಕ್ಯಾನ್ಸರ್ ನೂರಕ್ಕೆ 21ರಷ್ಟು, ಸೊಂಟದ ಸುತ್ತಳತೆ ಹತ್ತು ಸೆಂಟಿಮೀಟರ್ ಹೆಚ್ಚಿದಂತೆ ನೂರಕ್ಕೆ 13ರಷ್ಟು ಹೆಚ್ಚುವುದು ಕಂಡಿತು. ಎತ್ತರವನ್ನು ತಗ್ಗಿಸಿಕೊಳ್ಳಲಾಗದು, ಸೊಂಟ ನಮ್ಮ ಕೈಯಲ್ಲಿದೆ, ಅಥವಾ ನಮ್ಮ ತಟ್ಟೆಯಲ್ಲಿದೆ. ಅಂಗಲಕ್ಷಣಗಳಲ್ಲಿ ಏನಾದರೂ ಮಾಡಬಹುದಾದದ್ದು ಇದೊಂದೇ.

ಚರ್ಮದ ಬಣ್ಣವೂ ಲಕ್ಷಣವೇ ಎನ್ನುವವರಿದ್ದಾರೆ. ಅಮೆರಿಕದ ಕರಿಯರಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ಅಲ್ಲಿನ ಬಿಳಿಯರ ಎರಡರಷ್ಟು. ಬಣ್ಣ ಮಾತ್ರ ಇದಕ್ಕೆ ಕಾರಣವಲ್ಲ. 2006ರಲ್ಲಿ ಎಂಟನೆಯ ವರ್ಣತಂತುವಿನ ಒಂದು ತುಣುಕಿನಲ್ಲಿ ಈ ಅಪಾಯಕ್ಕೆ ಸಂಬಂಧಿಸಿದ ವ್ಯತ್ಯಾಸಗಳನ್ನು ಐಸ್‌ಲೆಂಡಿನ ಸಂಶೋಧಕರು ಮೊದಲು ಗುರುತಿಸಿದರು. ಪಶ್ಚಿಮ ಆಫ್ರಿಕದ ಮೂಲದವರಲ್ಲಿ ಅವು ಹೆಚ್ಚು. ಅದರೊಡನೆ ಆ ದೇಶದಲ್ಲಿ ಕರಿಯನಿಗೆ ವೈದ್ಯ ತಡವಾಗಿ ದೊರೆಯುವ ಚರಿತ್ರೆಯೂ ಸೇರಿಕೊಂಡಿದೆ.

ಇನ್ನೊಂದು ತೊಡಕನ್ನೂ ಹೇಳಬೇಕು. 1935ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಆರ್ನಲ್ಡ್ ರಿಚ್, ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ ಐವತ್ತು ದಾಟಿದ 292 ಗಂಡಸರ ಶವಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಹದಿನಾಲ್ಕು ಜನರಲ್ಲಿ ಪ್ರಾಸ್ಟೇಟಿನ ಕ್ಯಾನ್ಸರ್ ಮಲಗಿದ್ದುದು ಕಂಡಿತು. ಹೆಚ್ಚಿನವರು ಅದರ ಸುಳಿವಿಲ್ಲದೆಯೇ ಬದುಕಿ ಹೋಗಿದ್ದರು. ಎಂದರೆ ಈ ರೋಗದಲ್ಲಿ ಕೊಲ್ಲುವುದೂ ಇದೆ, ಮಲಗಿಯೇ ಇರುವುದೂ ಇದೆ. 1980ರ ದಶಕದಿಂದ ಬಳಕೆಗೆ ಬಂದ ಪಿಎಸ್ಎ ರಕ್ತಪರೀಕ್ಷೆ ಎರಡನ್ನೂ ಎಬ್ಬಿಸುತ್ತದೆ. ಅದರಿಂದ ಜೀವ ಉಳಿಯುತ್ತದೆಯೇ ಎಂದು ನಡೆದ ಎರಡು ಮಹಾಪರೀಕ್ಷೆಗಳ ಫಲ 2009ರಲ್ಲಿ ಒಂದೇ ಬಾರಿಗೆ ಪ್ರಕಟವಾದಾಗ ಯೂರೋಪಿನದು ಹೌದೆಂದಿತು, ಅಮೆರಿಕದ್ದು ಇಲ್ಲವೆಂದಿತು. ಮುಂದಿನ ವರ್ಷಗಳಲ್ಲಿ ಯೂರೋಪಿನ ಪರೀಕ್ಷೆಯ ಪರವಾಗಿ ತಕ್ಕಡಿ ಸ್ವಲ್ಪ ವಾಲಿದೆ. ಹಾಗಿದ್ದರೂ ಎಲ್ಲರಿಗೂ ಕಣ್ಣುಮುಚ್ಚಿ ಮಾಡಿಸಬೇಕೆಂದು ಹೇಳುವವರು ಕಡಮೆ. ಯಾರಿಗೆ ಮಾಡಿಸುವುದು ಎಂಬ ಪ್ರಶ್ನೆಗೆ ಮತ್ತೆ ಬರುತ್ತೇವೆ.

ಅದಕ್ಕೆ ಉತ್ತರ ಕನ್ನಡಿಯಲ್ಲಿ ಸಿಗುವುದಿಲ್ಲ. ಮೊದಲನೆಯದು ವಯಸ್ಸು. ಎರಡನೆಯದು ರಕ್ತಸಂಬಂಧ: ತಂದೆಗೋ ಒಡಹುಟ್ಟಿದವನಿಗೋ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿ. ಬಿಆರ್‌ಸಿಎ-2 ಎಂಬ ಜೀನಿನ ದೋಷವಿರುವ ಮನೆತನದಲ್ಲಿ ತಾಯಿ ಅಕ್ಕತಂಗಿಯರ ಸ್ತನ ಅಥವಾ ಅಂಡಾಶಯದ ಕ್ಯಾನ್ಸರೂ ಮಗನಿಗೆ ಎಚ್ಚರಿಕೆಯಾಗಬಲ್ಲದು. ಅಂಥವರಲ್ಲಿ ರೋಗ ಬೇಗ ಬರುತ್ತದೆ, ಉಗ್ರವಾಗಿಯೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1982ರಲ್ಲಿ ಮದರಾಸಿನ ಜೊತೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿತು. ಅಮೆರಿಕ, ಉತ್ತರ ಯೂರೋಪುಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಕಡಮೆಯೇ. ಆದರೂ ಇಂದು ಬೆಂಗಳೂರಿನ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಅದಿದೆ. ಆದ್ದರಿಂದ ಐವತ್ತು ದಾಟಿದವನನ್ನು ವೈದ್ಯರು ನಿಮ್ಮ ತಂದೆ, ಅಜ್ಜ, ಚಿಕ್ಕಪ್ಪ ದೊಡ್ಡಪ್ಪಂದಿರು ಯಾವುದರಿಂದ ತೀರಿಕೊಂಡರು ಎಂದು ಕೇಳಿದರೆ ಅದು ಕುಶಲೋಪರಿಯಲ್ಲ.

ನಮ್ಮಲ್ಲಿ ಎಷ್ಟು ಜನರಿಗೆ ಇದಕ್ಕೆ ಉತ್ತರ ಗೊತ್ತಿದೆಯೋ ನಾನು ಹೇಳಲಾರೆ. ಅಜ್ಜನ ಶ್ರಾದ್ಧದ ತಿಥಿ ಗೊತ್ತಿರುತ್ತದೆ; ಸಾವಿನ ಕಾರಣ ಗೊತ್ತಿರುವುದಿಲ್ಲ. ನನ್ನ ತಂದೆಯ ತಂದೆ ತೀರಿಕೊಂಡದ್ದು ಮಾಘ ಬಹುಳ ಪಂಚಮಿಯ ದಿನ. ಯಾವ ರೋಗವೆಂದು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ; ಗಂಡಸರ ಆ ಭಾಗದ ಮಾತು ಮನೆಯಲ್ಲಿ ಆಡತಕ್ಕದ್ದಾಗಿರಲಿಲ್ಲ. ಕೆದಕಿ ಕೇಳಿದಾಗ ನಮ್ಮ ಸೋದರತ್ತೆಯೊಬ್ಬರು, ಕೊನೆಕೊನೆಗೆ ನೀರು ಕಟ್ಟುತ್ತಿತ್ತು, ಸೊಂಟದ ಮೂಳೆ ನೋವೆಂದು ರಾತ್ರಿಯೆಲ್ಲ ನರಳುತ್ತಿದ್ದರು ಎಂದರು. ಪ್ರಾಸ್ಟೇಟಿನ ಕ್ಯಾನ್ಸರ್ ಹರಡಿದರೆ ಮೊದಲು ಇಳಿಯುವುದು ಸೊಂಟದ, ಬೆನ್ನಿನ ಮೂಳೆಗಳಿಗೆ. ಅದು ಅದೇ ಎಂದು ಇಂದು ಹೇಳುವಂತಿಲ್ಲ, ಅಲ್ಲವೆಂದೂ ಹೇಳುವಂತಿಲ್ಲ. ನನ್ನ ವೈದ್ಯರು ಆ ಎರಡು ಸಾಲನ್ನು ಬರೆದುಕೊಂಡು, ಒಡನೆಯೇ ರಕ್ತಪರೀಕ್ಷೆಗೆ ಚೀಟಿ ಕೊಟ್ಟರು. ನನ್ನ ತಮ್ಮನಿಗೂ ತಿಳಿಸಿ ಎಂದರು. ಅಜ್ಜನ ಬಗ್ಗೆ ಮನೆಯವರು ತಾವಾಗಿ ನೆನೆದು ಹೇಳುತ್ತಿದ್ದುದು ಒಂದೇ ಸಂಗತಿಯನ್ನು: ಎಪ್ಪತ್ತು ದಾಟಿದ್ದರೂ ಅವರಿಗೆ ತಲೆತುಂಬ ಕೂದಲಿತ್ತಂತೆ.